ಬೋರ್ಡು ಬರೆಸುವ ಮುನ್ನ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಹೊಸ ಅಂಗಡಿಗೆ ಸರಕಿಗಿಂತ ಮೊದಲೇ ಬೋರ್ಡು ಬರುತ್ತದೆ. ಪೂಜೆಯ ಹೊತ್ತಿಗೆ ಹೆಸರು ಎದ್ದು ಕಾಣಬೇಕು, ಲೈಸೆನ್ಸು ಆಮೇಲೆ ಮಾಡಿಸಿದರಾಯಿತು ಅನ್ನುವವರೇ ಹೆಚ್ಚು. ಈ ಹಿಂದುಮುಂದಿನಿಂದಲೇ ಸಣ್ಣ ವ್ಯಾಪಾರಿಯ ಕೈಯಿಂದ ಎರಡು ಸಲ ದುಡ್ಡು ಹೋಗುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ನಗರಸಭೆಗಳು. ನಾಲ್ಕಕ್ಕೂ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯೇ ಆಧಾರ. ಮೊದಲು ಆಗಬೇಕಾದದ್ದು ಉದ್ದಿಮೆ ಪರವಾನಗಿ. ಬಾಡಿಗೆ ಕರಾರು, ಆಧಾರ್, ಕಟ್ಟಡದ ಕಂದಾಯ ರಸೀದಿ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಕಟ್ಟಡದ ಮಾಲೀಕರು ಕಂದಾಯ ಬಾಕಿ ಉಳಿಸಿಕೊಂಡಿದ್ದರೆ ಬಾಡಿಗೆದಾರನ ಅರ್ಜಿ ಅಲ್ಲೇ ನಿಲ್ಲುವುದುಂಟು. ಅದಕ್ಕೇ ಮುಂಗಡ ಕೊಡುವ ಮೊದಲು ಆ ರಸೀದಿಯನ್ನು ಕೇಳಿ ನೋಡುವುದು ಒಳ್ಳೆಯದು. ಅರ್ಜಿ ಹಾಕಿದ ಮೇಲೆ ಸಕಾಲದ ಸ್ವೀಕೃತಿ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಗಡುವು ಮೀರಿದರೆ ಮೇಲ್ಮನವಿಗೆ ಅದೇ ಬೇಕು. ಇದರ ಜತೆಗೆ ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯೂ ಆಗಬೇಕು. ಒಂದಿದ್ದರೆ ಇನ್ನೊಂದು ಬೇಡ ಅಂದುಕೊಂಡವರು ಬಹಳ ಜನ.

ಇನ್ನು ಬೋರ್ಡಿನ ವಿಚಾರ. ಚಿಂತಾಮಣಿಯ ಚೇಳೂರು ರಸ್ತೆಯ ಒಂದು ದಿನಸಿ ಅಂಗಡಿಯ ಮುಂದೆ ನಿಂತು ನೋಡಿದೆ. ಹನ್ನೆರಡು ಅಡಿ ಉದ್ದದ ಬೋರ್ಡು. ಎರಡೂ ತುದಿಯಲ್ಲಿ ತಂಪು ಪಾನೀಯದ ಬಾಟಲಿ, ನಡುವೆ ಕಂಪನಿಯ ಹೆಸರು ಇಂಗ್ಲಿಷಿನಲ್ಲಿ, ತಳದ ಗೇಣಗಲದ ಪಟ್ಟಿಯಲ್ಲಿ ಅಂಗಡಿಯ ಹೆಸರು. "ಕಂಪನಿಯವರೇ ಪುಕ್ಕಟೆ ಹಾಕಿಕೊಟ್ಟಿದ್ದು ಸಾರ್, ನಮಗೇನು ಖರ್ಚಿಲ್ಲ" ಅಂದರು ಅಂಗಡಿಯವರು. ಖರ್ಚು ಇರುವುದು ಅಲ್ಲೇ. ಅಂಗಡಿಯ ಹೆಸರಷ್ಟೇ ಇದ್ದರೆ ಅದು ನಾಮಫಲಕ. ಬೇರೆಯವರ ಸರಕನ್ನು ಸಾರುತ್ತಿದ್ದರೆ ಅದು ಜಾಹೀರಾತು, ಅದಕ್ಕೆ ನಗರಸಭೆಯ ಅನುಮತಿ ಬೇರೆ ಬೇಕು. ನೋಟಿಸು ಬಂದರೆ ಬಾಗಿಲಲ್ಲಿ ಸಿಗುವವರು ಅಂಗಡಿಯವರೇ. ಪುಕ್ಕಟೆ ಬೋರ್ಡು ತೆಗೆದುಕೊಳ್ಳುವವರು ಅನುಮತಿಯ ಹೊಣೆ ಯಾರದ್ದೆಂದು ಕಂಪನಿಯಿಂದ ಬರೆಸಿಕೊಳ್ಳಲೇಬೇಕು.

ಮೇಲಾಗಿ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಗಿ, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲೇ ಇರಬೇಕು ಎಂದಾಗಿದೆ. ಚಿಂತಾಮಣಿಯ ಆ ಬೋರ್ಡು ಈ ಅಳತೆಯಲ್ಲೂ ನಿಲ್ಲುವುದಿಲ್ಲ.

ಈ ನಿಯಮಕ್ಕೆ ಹೆದರಬೇಕಾದ್ದೇನೂ ಇಲ್ಲ ಅನ್ನಿಸಿದ್ದು ಶಿಡ್ಲಘಟ್ಟದಲ್ಲಿ. ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರು. ರೈತರು, ರೀಲರ್‌ಗಳು ಕನ್ನಡ, ತೆಲುಗು, ಉರ್ದು ಮೂರರಲ್ಲೂ ವ್ಯವಹರಿಸುತ್ತಾರೆ. ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡ ಬರೆಸಿ, ಕೆಳಗೆ ಉರ್ದು ಬರೆಸುವುದಕ್ಕೆ ಕಾಯ್ದೆಯ ಅಡ್ಡಿಯಿಲ್ಲ. ಅಲ್ಲೊಬ್ಬರು ಹಿರಿಯ ಪೇಂಟರು ತಗಡಿನ ಮೇಲೆ ಸುಣ್ಣದ ಬಳಪ ಉಜ್ಜಿದ ದಾರ ಎಳೆದು, ಬೆರಳಲ್ಲಿ ಮೀಟಿ ಗೆರೆ ಮೂಡಿಸುತ್ತಿದ್ದರು. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಒತ್ತಕ್ಷರಕ್ಕೆಂದು ಮೂರು ಬೆರಳು ಜಾಗ. "ಮೊದಲೇ ಹೇಳಿದ್ರೆ ಗೆರೆ ಹಾಕುವಾಗಲೇ ಅಳತೆ ಕೂಡಿಸ್ತೀನಿ ಸಾರ್. ಬರೆದ ಮೇಲೆ ಹೇಳಿದ್ರೆ ತಗಡಿನ ಕಾಸೂ ಹೋಯ್ತು, ಬಣ್ಣದ ಕಾಸೂ ಹೋಯ್ತು" ಅಂದರು. ನಿಯಮ ಮೊದಲು ತಲುಪಬೇಕಾದ್ದು ಇವರಿಗೆ, ಫ್ಲೆಕ್ಸ್ ಪ್ರಿಂಟಿನವರಿಗೆ. ಉದ್ದಿಮೆ ಪರವಾನಗಿಯ ಜತೆಗೇ, ಬೋರ್ಡಿನ ಚಿತ್ರ ಬಿಡಿಸಿ ಅಳತೆ ಗುರುತಿಸಿದ ಒಂದು ಹಾಳೆಯನ್ನು ನಗರಸಭೆಗಳು ಕೊಟ್ಟರೆ ಆಮೇಲಿನ ಜಗಳ ಎಷ್ಟೋ ತಪ್ಪುತ್ತದೆ. ಅದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಖರ್ಚೂ ಇಲ್ಲ.

ಫ್ಲೆಕ್ಸ್ ಅಂದೆ. ಆಂಧ್ರದ ಹಿಂದೂಪುರಕ್ಕೆ ಹತ್ತಿರವಿರುವ ಗೌರಿಬಿದನೂರಿನಲ್ಲಿ ತೆಲುಗು ಗಿರಾಕಿಗಳು ಸಾಕಷ್ಟು, ಫ್ಲೆಕ್ಸ್ ಬೋರ್ಡುಗಳೂ ಸಾಕಷ್ಟು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಅಗ್ಗವೆಂದು ಹಾಕಿಸಿದ್ದು ಬಿಸಿಲಿಗೆ ಬಣ್ಣಗೆಡುತ್ತದೆ, ತಪಾಸಣೆ ಬಂದರೆ ಕೆಳಗಿಳಿಯುತ್ತದೆ. ತಗಡು ಬಾಳಿಕೆ ಬರುತ್ತದೆ, ಬರೆಯುವವನಿಗೂ ಕೆಲಸ ಸಿಗುತ್ತದೆ.

ಬೋರ್ಡು ಚರಂಡಿ ದಾಟಿ ರಸ್ತೆಯ ಮೇಲೆ ಚಾಚದಂತೆ ಗೋಡೆಗೇ ಕೂರಲಿ. ಅಕ್ಷರ ಕತ್ತರಿಸುವ ಮೊದಲು ನಮೂನೆಯ ಎರಡು ಪ್ರತಿ ತೆಗೆಸಿ, ಒಂದನ್ನು ಪತ್ರದ ಜತೆ ನಗರಸಭೆಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಪರವಾನಗಿಯ ಪಕ್ಕದಲ್ಲೇ ಇಟ್ಟುಕೊಳ್ಳಿ.