ಕೊಳ್ಳುವುದಾದರೆ ಯಾವುದನ್ನು?

ಪ್ರಶ್ನೆ: ದಿನಕ್ಕೆ ಅರ್ಧ ಗಂಟೆಯ ಬಿಡುವು, ಕೈಯಲ್ಲಿ ಅಲ್ಪ ಹಣ. ಮನೆಯಲ್ಲಿ ವ್ಯಾಯಾಮಕ್ಕೆ ಯಾವ ಸಾಧನವನ್ನು ಕೊಳ್ಳಲಿ?

ಉತ್ತರ: ಅಂಗಡಿಗೆ ಹೊರಡುವ ಮುನ್ನ, ನಮ್ಮ ಗರಡಿಗಳ ಪೈಲ್ವಾನರು ದಂಡ, ಬಸ್ಕಿಗಳನ್ನೇ ಮೂಲ ಬಂಡವಾಳವಾಗಿರಿಸಿಕೊಂಡು ದೇಹವನ್ನು ಹುರಿಗೊಳಿಸಿದರೆಂಬುದನ್ನೂ, ‘ಶಾಂತಲಾ’ ಕಾದಂಬರಿಯ ಕರ್ತೃವಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಲೇ ದೂರದವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದರೆಂಬುದನ್ನೂ ನೆನೆಯುವುದು ಒಳಿತು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನೂ, 2 ದಿನ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸವನ್ನೂ ವಿಧಿಸಿದೆ. ಇದರಲ್ಲಿ ಮೊದಲನೆಯದು ಬಿರುಸಿನ ನಡಿಗೆಯಿಂದ ಪುಕ್ಕಟೆಯಾಗಿಯೇ ಸಲ್ಲುವುದರಿಂದ ಹಣವೆಲ್ಲ ಎರಡನೆಯದಕ್ಕೇ ಮೀಸಲಾಗಲಿ. ಟ್ರೆಡ್‌ಮಿಲ್ ಬೇಡ, ಅದು ಅರ್ಧ ಕೋಣೆಯನ್ನು ಆಕ್ರಮಿಸಿ, ಕಡೆಗೆ ಒದ್ದೆಬಟ್ಟೆ ಹರವುವ ಗಳುವಾಗಿ ಪರಿಣಮಿಸುವುದನ್ನು ನಾನು ಕಂಡಿದ್ದೇನೆ. ಭಾರವು ಕ್ರಮೇಣ ಹೆಚ್ಚಿದಲ್ಲದೆ ಸ್ನಾಯುವು ಬಲಿಯದಾದ್ದರಿಂದ, ಒಂದೇ ತೂಕದ ಡಂಬೆಲ್ಲಿಗಿಂತ ಬಿಲ್ಲೆಗಳನ್ನು ಸೇರಿಸಿ ಕಳೆಯಬಹುದಾದ ಜೋಡಿಯೇ ಲೇಸು. ಅದೂ ದುಬಾರಿಯೆನಿಸಿದರೆ ಬಿಗುವಿನಲ್ಲಿ ಭೇದವಿರುವ ಎರಡು ಮೂರು ರಬ್ಬರ್ ಪಟ್ಟಿಗಳು ಸಾಕು. ಕುಣಿಹಗ್ಗ ಅಗ್ಗವೇನೋ ನಿಜ, ಆದರೆ ಮಂಡಿನೋವಿನವರಿಗೂ ಮಹಡಿಯ ಮೇಲೆ ವಾಸಿಸುವವರಿಗೂ ಅದು ತಕ್ಕುದಲ್ಲ. ಪಟ್ಟಿಗಳನ್ನು ಬಿಸಿಲಿನಲ್ಲಿಡದೆ, ಎಳೆಯುವ ಮುನ್ನ ಬಿರುಕುಗಳಿವೆಯೇ ಎಂದು ಪ್ರತಿಸಲವೂ ನೋಡಿಕೊಳ್ಳಿರಿ.