ಝೊಲ್ಟಾನ್ ಕೋರ್ಡಾ ಮತ್ತು ಕಾರಾಪುರದ ಸಾಬು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡುದು 1934ರಲ್ಲಿ. ಅದಾದ ಮೂರು ವರ್ಷಗಳಲ್ಲಿ, ಮೈಸೂರು ಸಂಸ್ಥಾನದ ಕಾಡು ‘ಎಲಿಫೆಂಟ್ ಬಾಯ್’ ಎಂಬ ಇಂಗ್ಲಿಷ್ ಚಿತ್ರದ ಮೂಲಕ ಲೋಕಕ್ಕೆ ಕಾಣಿಸಿತು. ಕಿಪ್ಲಿಂಗ್‌ರ ಕಥೆಯನ್ನು ಆಧರಿಸಿದ ಈ ಚಿತ್ರಕ್ಕೆ ಇಬ್ಬರು ನಿರ್ದೇಶಕರು. ಮೈಸೂರಿನ ಹೊರಾಂಗಣ ದೃಶ್ಯಗಳನ್ನು ಅಮೆರಿಕದ ರಾಬರ್ಟ್ ಫ್ಲಾಹರ್ಟಿ ಚಿತ್ರಿಸಿದರು. ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಕಥಾಭಾಗವನ್ನು ಝೊಲ್ಟಾನ್ ಕೋರ್ಡಾ (1895–1961) ನಿರ್ದೇಶಿಸಿದರು. 1937ರ ವೆನಿಸ್ ಚಿತ್ರೋತ್ಸವದ ನಿರ್ದೇಶನ ಪ್ರಶಸ್ತಿ ಇಬ್ಬರಿಗೂ ಸಂದಿತು.

ಹಂಗೆರಿಯಲ್ಲಿ ಜನಿಸಿದ ಕೋರ್ಡಾ, ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾರ ತಮ್ಮ. ಚಿತ್ರದ ಬಾಲನಟ ಸಾಬು 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಕೋರ್ಡಾರ ಚಿತ್ರಗಳಲ್ಲಿ ಆತನಿಗೆ ಒದಗಿದ ಪಾತ್ರಗಳನ್ನು ಗಮನಿಸಬೇಕು: ಮೊದಲು ತೂಮಾಯಿ, ‘ದಿ ಡ್ರಮ್’ (1938) ಚಿತ್ರದಲ್ಲಿ ರಾಜಕುಮಾರ ಅಜೀಮ್, ‘ಜಂಗಲ್ ಬುಕ್’ (1942) ಚಿತ್ರದಲ್ಲಿ ಮೌಗ್ಲಿ. ಮೂವರೂ ಇಂಗ್ಲಿಷ್ ಲೇಖಕರು ಕಲ್ಪಿಸಿದ ಭಾರತದ ಮಕ್ಕಳು. ‘ದಿ ಡ್ರಮ್’ ಚಿತ್ರದ ಸಾಮ್ರಾಜ್ಯಪರ ನಿಲುವಿನ ವಿರುದ್ಧ ಮುಂಬಯಿ, ಮದರಾಸುಗಳಲ್ಲಿ ಪ್ರತಿಭಟನೆಗಳು ನಡೆದವು.

ಆದರೆ ಇದೇ ಕೋರ್ಡಾ 1951ರಲ್ಲಿ ಅಲನ್ ಪೇಟನ್‌ರ ಕಾದಂಬರಿಯನ್ನು ಆಧರಿಸಿ, ದಕ್ಷಿಣ ಆಫ್ರಿಕದ ವರ್ಣಭೇದವನ್ನು ಎದುರಿಸುವ ‘ಕ್ರೈ, ದಿ ಬಿಲವ್ಡ್ ಕಂಟ್ರಿ’ಯನ್ನು ನಿರ್ದೇಶಿಸಿದರು. ಆದ್ದರಿಂದ ಅವರನ್ನು ಕೇವಲ ಸಾಮ್ರಾಜ್ಯಶಾಹಿಯ ನಿರ್ದೇಶಕರೆಂದು ಬದಿಗಿಡುವುದು ಅಪೂರ್ಣ ವಿಮರ್ಶೆಯಾದೀತು.

ಭಾಷೆಯೊಂದನ್ನೇ ಮಾನದಂಡವಾಗಿಸಿಕೊಂಡರೆ ‘ಎಲಿಫೆಂಟ್ ಬಾಯ್’ ನಮ್ಮ ಚಲನಚಿತ್ರ ಚರಿತ್ರೆಯ ಹೊರಗೇ ಉಳಿಯುತ್ತದೆ. ನೆಲವನ್ನೂ ನಟನನ್ನೂ ಗಣಿಸಿದಾಗ ಅದು ಒಳಗೆ ಬರುತ್ತದೆ. ಅದರೊಂದಿಗೆ, ಕನ್ನಡ ನಾಡಿನ ಕಾಡು ಕಾಣಿಸಿಯೂ ಕನ್ನಡದ ದನಿ ಏಕೆ ಕೇಳಿಸಲಿಲ್ಲ ಎಂಬ ಪ್ರಶ್ನೆಯೂ ಬರುತ್ತದೆ.