ನೀರು ಏರಿದರೆ ನೆಲ ಇಳಿಯುವುದೇಕೆ?

ಹತ್ತಾರು ವರ್ಷ ಅಲುಗದೆ ನಿಂತಿದ್ದ ಮನೆಯೊಂದು, ಹೊಸ ಭಾರವೇನೂ ಬೀಳದಿದ್ದರೂ, ಒಂದು ಮೂಲೆಯಲ್ಲಿ ಕುಗ್ಗಿ ಬಿರುಕು ಬಿಡುವುದುಂಟು. ಕಟ್ಟಿದವನನ್ನು ದೂರುವ ಮೊದಲು ತಳಪಾಯದ ಕೆಳಗಿನ ನೀರನ್ನು ವಿಚಾರಿಸಬೇಕು.

ಸಿಂಧನೂರಿನ ಸೀಮೆಗೆ ಈ ವಿಚಾರವು ದೂರದ್ದಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿಯಿತು. ಎಡದಂಡೆ ಕಾಲುವೆಯ ಬಹುಭಾಗ ಭೂಮಿಯನ್ನು ಮಿತ ನೀರಿನ ಬೆಳೆಗಳಿಗೆಂದು ಗೊತ್ತುಪಡಿಸಿದ್ದರೂ ಬತ್ತದ ಗದ್ದೆಗಳೇ ಹಬ್ಬಿದವು. ಗದ್ದೆಯಲ್ಲಿ ನಿಂತ ನೀರೂ ಕಾಲುವೆಯಿಂದ ಜಿನುಗಿದ ನೀರೂ ಕೆಳಗಿಳಿದು, ಅನೇಕ ಕಡೆ ಅಂತರ್ಜಲದ ಮಟ್ಟವು ಮೇಲೇರಿ, ಭೂಮಿಯು ಸವುಳು-ಜವುಳಾಯಿತು. ಪೈರಿಗಾದ ಈ ಹಾನಿಯನ್ನು ರೈತರು ಬಲ್ಲರು. ಏರಿದ ನೀರು ಕಟ್ಟಡದ ಅಡಿಯ ಮಣ್ಣಿಗೆ ಏನು ಮಾಡಬಲ್ಲುದು?

ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡಿರಿ. ತುಸು ತೇವದ ಮರಳನ್ನು ಲೋಟದಲ್ಲಿ ತುಂಬಿ, ತಟ್ಟೆಯ ಮೇಲೆ ಬೋರಲು ಹಾಕಿರಿ. ಮರಳಿನ ಗುಡ್ಡೆಯು ನೆಟ್ಟಗೆ ನಿಲ್ಲುತ್ತದೆ. ಈಗ ತಟ್ಟೆಯ ಅಂಚಿನಲ್ಲಿ ನಿಧಾನವಾಗಿ ನೀರೆರೆಯಿರಿ. ನೀರು ಬುಡದಿಂದ ಮೇಲೇರುತ್ತಲೇ ಗುಡ್ಡೆಯು ಕುಸಿಯುತ್ತದೆ. ಅದರ ತಲೆಯ ಮೇಲೆ ಯಾರೂ ಭಾರವಿಡಲಿಲ್ಲ!

ಇದಕ್ಕೆ ಕಾರಣ ಮೇಲ್ಮೈ ಎಳೆತ. ಕಣಗಳು ಪರಸ್ಪರ ತಾಗುವೆಡೆ ಉಳಿದಿರುವ ತೇವದ ಮೇಲ್ಮೈಯು ಒಳಬಾಗಿರುತ್ತದೆ; ಆ ನೀರಿನ ಒತ್ತಡವು ಹೊರಗಿನ ಗಾಳಿಯದಕ್ಕಿಂತ ಕಡಮೆಯಾಗಿ ಕಣಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ತ್ರಿಜ್ಯದ ನುಣ್ಣನೆಯ ರಂಧ್ರದಲ್ಲಿ ಈ ವ್ಯತ್ಯಾಸವು ಸುಮಾರು 1.4 ವಾಯುಭಾರದಷ್ಟು. ಸಡಿಲವಾದ ಮಣ್ಣು ತನ್ನ ದೊಡ್ಡ ತೆರಪುಗಳನ್ನು ಉಳಿಸಿಕೊಂಡೂ ಮನೆಯನ್ನು ಹೊರುವುದು ಈ ಬಲದಿಂದ, ಮತ್ತು ಕಣಗಳನ್ನು ಅಂಟಿಸಿರುವ ಜೇಡಿಯಿಂದ. ನೀರು ಏರಿ ತೆರಪುಗಳನ್ನು ತುಂಬಿದಾಗ ಬಾಗಿದ ಮೇಲ್ಮೈಯೇ ಇಲ್ಲವಾಗುತ್ತದೆ, ಜೇಡಿಯೂ ಮೆತ್ತಗಾಗುತ್ತದೆ. ಮನೆಯ ಭಾರ ಮಾತ್ರ ಹಾಗೆಯೇ ಇರುತ್ತದೆ. ಕಣಗಳು ಜಾರಿ ತೆರಪುಗಳೊಳಗೆ ಬೀಳುತ್ತವೆ, ನೆಲವು ಇಳಿಯುತ್ತದೆ.

ಎಲ್ಲ ಮಣ್ಣೂ ಹೀಗಲ್ಲ. ಸಿಂಧನೂರಿನ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅಲ್ಲಿಯ ಬಿರುಕುಗಳು ಋತುವಿನೊಡನೆ ತೆರೆದು ಮುಚ್ಚುವುದುಂಟು. ಸಡಿಲವಾದ ಮಸಾರಿ ಮಣ್ಣೂ ದಮ್ಮಸು ಮಾಡದೆ ತುಂಬಿದ ನೆಲವೂ ಕುಸಿಯಬಲ್ಲುವು. ಹಾಗೆ ಕುಸಿದುದು ಒಣಗಿದರೂ ಮರಳಿ ಮೇಲೇಳದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಂಪು ಮಣ್ಣಿನ ಈ ಗುಣವನ್ನು ಅಭ್ಯಸಿಸಿದ್ದಾರೆ.

ಪರಿಹಾರವೂ ಇದೇ ತತ್ತ್ವದಿಂದ ಹೊರಟಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1960ರ ದಶಕದಲ್ಲಿ ದೊಡ್ಡ ಕಾಲುವೆಯನ್ನು ಕಟ್ಟುವ ಮುನ್ನ, ಇಂಥ ಮಣ್ಣಿದ್ದೆಡೆ ನೀರನ್ನು ಕೊಳಗಳಂತೆ ನಿಲ್ಲಿಸಿ ನೆಲವನ್ನು ಮೊದಲೇ ಕುಸಿಯಗೊಟ್ಟರು. ಕೆಲವೆಡೆ ಅದು 3 ಮೀಟರಿಗೂ ಹೆಚ್ಚು ಇಳಿಯಿತು. ಮನೆ ಕಟ್ಟುವವರು ತುಂಬಿದ ಮಣ್ಣನ್ನು ತೆಳುವಾದ ಪದರಗಳಲ್ಲಿ ಹದವಾಗಿ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಊರಿನವರು ಬಸಿಗಾಲುವೆಗಳನ್ನು ಹೂಳು ತುಂಬದಂತೆ ಕಾಯಬೇಕು. ಒಣಗಿದ್ದಾಗ ಗಟ್ಟಿಯಾಗಿರುವ ನೆಲವನ್ನು, ನೆನೆದಾಗ ಹೇಗಿರುವುದೆಂದು ಪರೀಕ್ಷಿಸಿದ ಮೇಲೆಯೇ ನಂಬಬೇಕು.